ನಮ್ಮ ಹೊಳೆಯ ನೀರು, ಮುಂಬೈಯ ಲೋಕಲ್

ಖೋಪೋಲಿಯಲ್ಲಿ ಕಾಕಾ ಕೇಳಿದ ಒಂದು ಪ್ರಶ್ನೆ ಇನ್ನೂ ನನ್ನ ತಲೆ ಬಿಟ್ಟು ಹೋಗಿಲ್ಲ. ಊರಿಂದ ಬಂದಿದ್ದರು. ಗಗನಗಿರಿ ಮಹಾರಾಜರ ಮಠ ನೋಡಬೇಕು ಅಂದರು. ಡೊಂಬಿವಲಿಯಿಂದ ಲೋಕಲ್ ಹಿಡಿದರೆ ಕರ್ಜತ್ ಮೇಲೆ ಹಾದು ಖೋಪೋಲಿ ಮುಟ್ಟಬಹುದು, ಕಷ್ಟವೇನಿಲ್ಲ. ಮಠದಲ್ಲಿ ಕೈ ಮುಗಿದು ಹೊರಗೆ ಬಂದು ಚಹಾ ಕುಡಿಯುತ್ತ ನಿಂತಿದ್ದೆವು. ಕಾಕಾನ ಕಣ್ಣು ಗುಡ್ಡದ ಕಡೆ ಹೋಯಿತು. ನೆತ್ತಿಯಿಂದ ಬುಡದವರೆಗೆ ದಪ್ಪ ದಪ್ಪ ಕಬ್ಬಿಣದ ಪೈಪುಗಳು ನೆಟ್ಟಗೆ ಇಳಿದಿದ್ದವು. ಏನದು ಅಂತ ಚಹಾದವನನ್ನೇ ಮರಾಠಿಯಲ್ಲಿ ಕೇಳಿದರು. ಟಾಟಾದವರ ಪವರ್ ಹೌಸಿಗೆ ಬರುವ ನೀರು, ಮೇಲೆ ಲೋಣಾವಳದಲ್ಲಿ ಕೆರೆಗಳಿವೆ, ಇಂದ್ರಾಯಣಿಯ ನೀರು ಅಂದ ಅವನು. ಕಾಕಾ ವಾರಕರಿ. ಪ್ರತಿ ಆಷಾಢಕ್ಕೆ ಪಂಢರಪುರಕ್ಕೆ ನಡೆದು ಹೋಗುವವರು. ಇಂದ್ರಾಯಣಿ ಅಂದರೆ ಅವರಿಗೆ ಭೂಗೋಳದ ಹೆಸರಲ್ಲ, ಜ್ಞಾನೇಶ್ವರರ ಸಮಾಧಿ ಇರುವ ಆಳಂದಿಯ ಘಾಟು. ಕಪ್ಪು ಕೆಳಗಿಟ್ಟು ನನ್ನ ಕಡೆ ತಿರುಗಿದರು. "ಇಂದ್ರಾಯಣಿ ಹೋಗಿ ನಮ್ಮ ಭೀಮಾಕ್ಕ ಕೂಡತದಲ್ಲೋ ತಮ್ಮಾ. ಮತ್ತ ಈ ಕಡಿ ಯಾಕ ಇಳೀಲಾಕತ್ತದ?"

ಕರೆಂಟಿಗಾಗಿ ಅಂದೆ. ಯಾರ ಕರೆಂಟಿಗೆ ಅಂದರು. ಮುಂಬೈಗೆ, ಗಿರಣಿಗಳಿಗೆ, ಈಗ ನಾವು ಬಂದೆವಲ್ಲ ಆ ರೈಲಿಗೆ ಅಂದೆ. ಅವರು ಸುಮ್ಮನಾದರು. ವಾಪಸ್ ಬರುವಾಗ ಲೋಕಲ್ಲಿನ ಕಿಟಕಿ ಪಕ್ಕ ಕೂತು ಒಂದೇ ಮಾತು ಹೇಳಿದರು: "ಅಂದ್ರ ನಾವು ನಮ್ಮ ಹೊಳಿ ಮ್ಯಾಲೇ ಕುಂತು ಹೊಂಟೀವಿ."

ನಮ್ಮೂರು ಅಫಜಲಪುರ ತಾಲ್ಲೂಕಿನದು. ಭೀಮಾ ಹೊಳೆ ಬೇಸಿಗೆಯಲ್ಲಿ ಹೇಗಿರುತ್ತದೆ ಅಂತ ಆ ಕಡೆಯವರಿಗೆ ನಾನು ಹೇಳಬೇಕಿಲ್ಲ. ಹೀಗಾಗಿ ಕಾಕಾ ಹೇಳಿದ್ದು ತಮಾಷೆಯಾಗಿ ಕೇಳಿಸಲಿಲ್ಲ. ಅದು ಎಷ್ಟು ನಿಜ, ಎಷ್ಟು ಅಲ್ಲ ಅಂತ ನೋಡಬೇಕು ಅನ್ನಿಸಿತು.

ಗುಡ್ಡದ ಆ ಕಡೆ, ಈ ಕಡೆ

ಸಹ್ಯಾದ್ರಿ ಪೂರ್ವಕ್ಕೆ ನಿಧಾನ ಇಳಿಯುತ್ತದೆ. ಪಶ್ಚಿಮಕ್ಕೆ ಒಮ್ಮೆಲೇ ಕಡಿದಂತೆ ಕೊಂಕಣಕ್ಕೆ ಬೀಳುತ್ತದೆ. ಮಳೆ ಜಾಸ್ತಿ ಸುರಿಯುವುದು ನೆತ್ತಿಯ ಮೇಲೆ. ಅಲ್ಲಿಂದ ಸಮುದ್ರ ಕಣ್ಣಳತೆಯ ದೂರ, ಆದರೆ ಪೂರ್ವದ ಇಳಿಜಾರಿಗೆ ಬಿದ್ದ ನೀರು ಆ ಸಮುದ್ರಕ್ಕೆ ಬೆನ್ನು ತಿರುಗಿಸಿ ಬಂಗಾಳಕೊಲ್ಲಿಯವರೆಗೆ ಹೋಗುತ್ತದೆ. ಟಾಟಾದವರ ಎಂಜಿನಿಯರುಗಳು ಮಾಡಿದ ಕೆಲಸ ಹೇಳಲು ಸುಲಭ. ನೆತ್ತಿಯ ಪೂರ್ವಕ್ಕೆ, ಅಂಚಿನ ಪಕ್ಕದಲ್ಲೇ, ನದಿಗಳಿಗೆ ಕಟ್ಟೆ ಹಾಕಿದರು. ನೀರನ್ನು ಪಶ್ಚಿಮಕ್ಕೆ ತಿರುಗಿಸಿ ಅಂಚಿನವರೆಗೆ ತಂದರು. ಅಲ್ಲಿಂದ ಪೈಪಿನಲ್ಲಿ ಕೆಳಗೆ ಬಿಟ್ಟರು. ಲೋಣಾವಳ, ವಳವಣ, ಶಿರವತಾ ಕೆರೆಗಳ ನೀರು ಖೋಪೋಲಿಗೆ. ಆಂಧ್ರಾ ನದಿಗೆ ಕಟ್ಟಿದ ಠೋಕರವಾಡಿ ಅಣೆಕಟ್ಟಿನದು ಭಿವಪುರಿಗೆ. ಮುಳಾ ನದಿಯ ಮುಳಶಿ ಅಣೆಕಟ್ಟಿನದು ಭೀರಾಕ್ಕೆ. (ಆಂಧ್ರಾ ಅಂದರೆ ತೆಲುಗು ನಾಡಲ್ಲ, ಪುಣೆ ಕಡೆಯ ಮಾವಳ ಸೀಮೆಯ ಒಂದು ಚಿಕ್ಕ ಹೊಳೆ.) ಇವೆಲ್ಲ ಒಂದಲ್ಲ ಒಂದು ದಾರಿಯಲ್ಲಿ ಭೀಮೆಯನ್ನು ಸೇರಬೇಕಾದ ನೀರು.

ಅಷ್ಟು ಎತ್ತರದಿಂದ ಬಿದ್ದರೆ ಎಷ್ಟು ಕರೆಂಟು ಬರುತ್ತದೆ? ಶಾಲೆಯ ಭೌತಶಾಸ್ತ್ರ ಸಾಕು. ಸಾವಿರ ಲೀಟರ್ ನೀರು 500 ಮೀಟರ್ ಕೆಳಗೆ ಬಿದ್ದರೆ, ಯಂತ್ರದಲ್ಲಿ ಹೋಗುವ ನಷ್ಟ ಕಳೆದು, ಒಂದು ಯೂನಿಟ್ಟಿಗಿಂತ ಸ್ವಲ್ಪ ಜಾಸ್ತಿ ಸಿಗುತ್ತದೆ. ನಮ್ಮನೆಯ ಚಾವಣಿ ಮೇಲಿನ ಸಿಂಟೆಕ್ಸ್ ಟ್ಯಾಂಕು ಖಾಲಿಯಾದರೆ ಒಂದು ಯೂನಿಟ್. ಕಮ್ಮಿ ಅನ್ನಿಸಬಹುದು. ಆದರೆ ಅದೇ ನೀರನ್ನು ಪೂರ್ವಕ್ಕೆ ಬಿಟ್ಟು ಅಷ್ಟೇ ಎತ್ತರ ಇಳಿಸಬೇಕಾದರೆ ಅದು ಮಹಾರಾಷ್ಟ್ರ ದಾಟಿ, ಕಲಬುರಗಿ, ಯಾದಗಿರಿ ದಾಟಿ, ರಾಯಚೂರಿನ ಹತ್ತಿರ ಕೃಷ್ಣೆಗೆ ಸೇರಿ, ತೆಲಂಗಾಣದೊಳಗೆ ಎಷ್ಟೋ ದೂರ ಹೋಗಬೇಕು. ಪಶ್ಚಿಮದಲ್ಲಿ ಅದು ಒಂದು ಗುಡ್ಡದ ಕೆಲಸ. ಎಂಜಿನಿಯರ್ ಆಗಿದ್ದವರ ಬಾಯಲ್ಲಿ ನೀರು ಬರದೆ ಇರುತ್ತದೆಯೇ? ಹೊಳೆಯ ದಂಡೆಯಲ್ಲಿ ಹುಟ್ಟಿದ ನನಗೂ ಆ ಪೈಪುಗಳನ್ನು ನೋಡಿದಾಗ ಮೊದಲು ಬಂದದ್ದು ಮೆಚ್ಚುಗೆಯೇ. ಸಿಟ್ಟು ಆಮೇಲೆ ಬಂತು, ಅದೂ ಪೂರ್ತಿ ಬಂತು ಅಂತ ಹೇಳಲಾರೆ.

ಗಿರಣಿ, ಟ್ರಾಮು, ರೈಲು

ಮೊದಲು ಕರೆಂಟು ಬೇಕಾಗಿದ್ದು ಬಟ್ಟೆ ಗಿರಣಿಗಳಿಗೆ. ಕಲ್ಲಿದ್ದಲು ಬಂಗಾಳದ ಕಡೆಯಿಂದ ಬರಬೇಕಿತ್ತು, ಊರೆಲ್ಲ ಹೊಗೆ. 1910ರಲ್ಲಿ ಟಾಟಾದವರ ಜಲವಿದ್ಯುತ್ ಕಂಪನಿ ಶುರುವಾಯಿತು, 1915ರಲ್ಲಿ ಖೋಪೋಲಿಯ ಕರೆಂಟು ಮುಂಬೈ ಮುಟ್ಟಿತು. 1922ಕ್ಕೆ ಭಿವಪುರಿ, 1927ಕ್ಕೆ ಭೀರಾ. ಕನಸು ಕಂಡ ಜಮ್‌ಶೆಟ್‌ಜಿ 1904ರಲ್ಲೇ ತೀರಿಕೊಂಡಿದ್ದರು, ಮಾಡಿ ಮುಗಿಸಿದ್ದು ಮಕ್ಕಳ ಕಾಲದಲ್ಲಿ. ನಾವು ಕರ್ನಾಟಕದವರು ಇಲ್ಲಿ ಮೂಗು ಮುರಿಯುವ ಹಾಗೂ ಇಲ್ಲ. ಅದಕ್ಕೂ ಮೊದಲೇ, 1902ರಲ್ಲಿ, ಶಿವನಸಮುದ್ರದ ಕರೆಂಟು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿದೀಪಗಳ ಸರದಿ 1905ರಲ್ಲಿ ಬಂತು. ಹೊಳೆಯ ಕರೆಂಟು ಮೊದಲು ದುಡ್ಡಿರುವ ಕಡೆಗೇ ಹರಿಯುತ್ತದೆ.

ರೈಲು ಸೇರಿಕೊಂಡದ್ದು ಆಮೇಲೆ. 1925ರ ಫೆಬ್ರವರಿ 3ರಂದು ಬೋರಿಬಂದರಿನಿಂದ (ಈಗಿನ ಸಿಎಸ್‌ಎಂಟಿ) ಕುರ್ಲಾಗೆ ದೇಶದ ಮೊದಲ ಕರೆಂಟು ರೈಲು ಓಡಿತು. 1928ರ ಜನವರಿಯಲ್ಲಿ ಪಶ್ಚಿಮದ ಕಡೆ ಬೋರಿವಲಿವರೆಗೆ ಇನ್ನೊಂದು. ಟಾಟಾದವರ ಗಿರಾಕಿಗಳಲ್ಲಿ ಗಿರಣಿ, ಟ್ರಾಮು ಆದಮೇಲೆ ರೈಲೂ ಒಂದು ದೊಡ್ಡ ಹೆಸರಾಯಿತು. ಹಾಗಂತ ಎಲ್ಲ ರೈಲೂ ನೀರಿನ ಮೇಲೇ ಓಡಿತು ಅಂದುಕೊಂಡರೆ ತಪ್ಪು. ಜಿಐಪಿ ರೈಲ್ವೆಯವರು, ಅಂದರೆ ಈಗಿನ ನಮ್ಮ ಮಧ್ಯ ರೈಲ್ವೆಯವರು, ಕಲ್ಯಾಣದ ಹತ್ತಿರ ತಮ್ಮದೇ ಕಲ್ಲಿದ್ದಲಿನ ಪವರ್ ಹೌಸ್ ಕಟ್ಟಿಕೊಂಡಿದ್ದರು. ಚೋಳೆ ಪವರ್ ಹೌಸ್ ಅಂತ ಈಗಲೂ ಹೆಸರಿದೆ, ಡೊಂಬಿವಲಿಯ ಮುಂದಿನ ಸ್ಟೇಷನ್ ಠಾಕುರ್ಲಿಯಲ್ಲಿ. ಅದು ಮುಚ್ಚಿ ಎಷ್ಟೋ ಕಾಲವಾಯಿತು. ಮೂರು ಗುಡ್ಡದ ನೀರು ಪಕ್ಕದಲ್ಲೇ ಇಳಿಯುತ್ತಿದ್ದರೂ ಘಾಟು ಹತ್ತುವ ರೈಲಿಗೆ ಕಲ್ಲಿದ್ದಲು ಸುಡುತ್ತಿದ್ದರು ಅನ್ನೋದು ನನಗೆ ಯಾಕೋ ನಗು ತರಿಸುತ್ತದೆ.

ಹೀಗಾಗಿ ಕಾಕಾನ ಮಾತು ಆವತ್ತೂ ಅರ್ಧ ನಿಜ. ಪೂರ್ತಿ ನಿಜವಾಗಿದ್ದು ಬೇರೆಯವರ ಪಾಲಿಗೆ.

ಮುಳಶಿಯವರು

ಪುಣೆಯಿಂದ ತಾಮ್ಹಿಣಿ ಘಾಟಿಗೆ ಹೋಗುವವರು ಮುಳಶಿಯ ಕೆರೆ ನೋಡಿಯೇ ಹೋಗುತ್ತಾರೆ. ಮಳೆಗಾಲದಲ್ಲಿ ದಾರಿಯುದ್ದಕ್ಕೂ ಕಾರು, ಬೈಕು, ಸುಟ್ಟ ಮೆಕ್ಕೆತೆನೆ, ಸೆಲ್ಫಿ. ಆ ನೀರಿನ ಕೆಳಗೆ ಆಂಬೆಮೋಹರ ಭತ್ತದ ಗದ್ದೆಗಳಿದ್ದವು. ಐವತ್ತರ ಆಸುಪಾಸು ಹಳ್ಳಿಗಳಿಗೆ ಮುಳುಗಡೆಯ ಬಿಸಿ ತಟ್ಟಿತು. ಭೂಮಿ ಕೊಡುವಿರಾ ಅಂತ ಆ ಮಾವಳರನ್ನು ಯಾರೂ ಕೇಳಲಿಲ್ಲ. ಕಂಪನಿಯವರು ಬಂದು ಹೊಲದಲ್ಲಿ ಅಗೆಯಲು ಶುರು ಮಾಡಿದರು, ಭೂಸ್ವಾಧೀನ ಕಾಯ್ದೆ ಸರ್ಕಾರದ ಕೈಯಲ್ಲಿತ್ತು. 1921ರ ರಾಮನವಮಿಯ ದಿನ ಜನ ಅಣೆಕಟ್ಟಿನ ಜಾಗಕ್ಕೆ ಹೋಗಿ ಕೂತರು. ಹೆಂಗಸರು, ಮಕ್ಕಳು ಎಲ್ಲ. ಕೆಲಸ ನಿಂತಿತು. ಅವರ ಮುಂದೆ ನಿಂತವರು ಪಾಂಡುರಂಗ ಮಹಾದೇವ ಬಾಪಟ್. ಯುರೋಪಿಗೆ ಹೋಗಿ ಬಾಂಬು ಮಾಡುವುದು ಕಲಿತು ಬಂದಿದ್ದ ಮನುಷ್ಯ, ಇಲ್ಲಿ ಸತ್ಯಾಗ್ರಹಕ್ಕೆ ಕೂತ. ಜನ ಸೇನಾಪತಿ ಅಂತ ಕರೆದದ್ದು ಈ ಹೋರಾಟದಿಂದಲೇ. ಜೊತೆಗೆ ವಿನಾಯಕರಾವ್ ಭುಸ್ಕುಟೆ ಇದ್ದರು. "ಜೀವ ಇಲ್ಲವೇ ಜಮೀನು" ಅನ್ನೋದು ಅವರ ಕೂಗು.

ಸೋತದ್ದು ಹೇಗೆ ಅನ್ನುವ ಭಾಗವೇ ನನಗೆ ಹೆಚ್ಚು ಚುಚ್ಚುತ್ತದೆ. ಎಷ್ಟೋ ಜಮೀನಿನ ಕಾಗದ ಉಳುವವರ ಹೆಸರಲ್ಲಿ ಇರಲಿಲ್ಲ, ಪುಣೆಯ ಸಾಹುಕಾರರ ಹತ್ತಿರ ಇತ್ತು. ಪರಿಹಾರ ಜಾಸ್ತಿ ಮಾಡುತ್ತೇವೆ ಅಂದ ಕೂಡಲೇ ಸಾಹುಕಾರರು ಒಪ್ಪಿಕೊಂಡರು. ಉಳುವವರು ನಡುವೆ ಉಳಿದರು. ಈ ಕಥೆ ನಮಗೆ ಹೊಸದೇನಲ್ಲ. ಶರಾವತಿ ಕಣಿವೆಯವರನ್ನು ಕೇಳಿ, ಆಲಮಟ್ಟಿಯ ಹಿನ್ನೀರಿನವರನ್ನು ಕೇಳಿ, ಪರಿಹಾರ ಅಂದ ಕೂಡಲೇ ಮೊದಲು ಬರುವ ಮಾತು ಕಾಗದ ಯಾರ ಹೆಸರಲ್ಲಿದೆ ಅಂತಲೇ. 1924ರ ಹೊತ್ತಿಗೆ ಬಾಪಟರ ಜೊತೆ ಉಳಿದವರು ಬೆರಳೆಣಿಕೆಯ ಜನ. ಕೊನೆಗೆ ಅವರು ಮಾಡಿದ್ದು ಅಣೆಕಟ್ಟಿನ ಕೆಲಸಕ್ಕೆ ಓಡುತ್ತಿದ್ದ ರೈಲನ್ನು ಅಡ್ಡಗಟ್ಟಿದ್ದು. ಅಡ್ಡಗಟ್ಟಿ, ತಾವೇ ಪೊಲೀಸರ ಕೈಗೆ ಸಿಕ್ಕಿದರು. ಬಾಪಟರಿಗೆ 1931ರವರೆಗೆ ಜೈಲು. ಮುಂಬೈಯ ರೈಲಿಗೆ ಕರೆಂಟು ಕೊಡಲಿದ್ದ ಅಣೆಕಟ್ಟಿಗೆ ಅಡ್ಡ ನಿಂತವರು ಮುಟ್ಟಬಹುದಾಗಿದ್ದ ಕೊನೆಯ ವಸ್ತುವೂ ಒಂದು ರೈಲೇ. ಅವರು ಜೈಲಿನಿಂದ ಹೊರಗೆ ಬರುವಷ್ಟರಲ್ಲಿ ಭೀರಾ ತಿರುಗುತ್ತಿತ್ತು, ಲೋಕಲ್ಲುಗಳು ಓಡುತ್ತಿದ್ದವು, ಮುಂಬೈ ಅದಕ್ಕೆ ಒಗ್ಗಿಕೊಂಡಿತ್ತು.

ನಮ್ಮ ಹೊಳೆ ಅಂತ ಕಾಕಾ ಹೇಳಿದಾಗ ಮುಳಶಿಯವರು ಅವರ ಲೆಕ್ಕದಲ್ಲಿ ಇರಲಿಲ್ಲ. ನಾನು ಹೇಳಿದೆ. "ಅವರಿಗರೆ ಹೊಲ ಹೋಯ್ತು, ನಮಗ ಬರೀ ನೀರು" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ನೀರಿಲ್ದ ಹೊಲ ಇಟಗೊಂಡು ಏನ್ ಮಾಡೋದು" ಅಂತಲೂ ಅಂದರು.

2020ರ ಅಕ್ಟೋಬರಿನ ಆ ವಾರ

ನಾನು ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುವವನು. ಕೋವಿಡ್ ದಿನಗಳಲ್ಲಿ ಲೋಕಲ್ ಓಡುತ್ತಿದ್ದದ್ದು ನಮ್ಮಂಥ ಅಗತ್ಯ ಸೇವೆಯವರಿಗಷ್ಟೇ. ಡೊಂಬಿವಲಿಯಲ್ಲಿ ಹತ್ತಿ ಕೂರಲು ಸೀಟು ಸಿಗುತ್ತಿತ್ತು ಅಂದರೆ ಮುಂಬೈ ಗೊತ್ತಿದ್ದವರು ನಂಬಲಿಕ್ಕಿಲ್ಲ. ಅಕ್ಟೋಬರ್ 12, ಸೋಮವಾರ. ಬೆಳಿಗ್ಗೆ ಹತ್ತರ ಸುಮಾರಿಗೆ ಠಾಣೆ ದಾಟಿದ್ದೆವು. ಫ್ಯಾನು ನಿಂತಿತು. ರೈಲು ತನ್ನಷ್ಟಕ್ಕೆ ಸ್ವಲ್ಪ ಜಾರಿ ನಿಂತಿತು. ಮೊದಲು ಸಿಗ್ನಲ್ ಅಂದುಕೊಂಡೆವು. ಆಮೇಲೆ ಎಲ್ಲರ ಫೋನೂ ಒಟ್ಟಿಗೆ ಹೊಡೆದುಕೊಳ್ಳತೊಡಗಿತು. ಮನೆಯಲ್ಲಿ ಕರೆಂಟಿಲ್ಲ, ಅಂಧೇರಿಯಲ್ಲಿಲ್ಲ, ದಾದರಿನಲ್ಲಿಲ್ಲ. ಕಳವಾ ಕಡೆಯ ದೊಡ್ಡ ಕರೆಂಟು ಲೈನುಗಳು ಕೈಕೊಟ್ಟು ಇಡೀ ಮುಂಬೈ ಕತ್ತಲಾಗಿತ್ತು. ನನ್ನ ಎದುರು ಕೂತಿದ್ದ ನರ್ಸ್ ಬಾಯಿ ವಾರ್ಡಿಗೆ ಫೋನ್ ಮಾಡಿ ಜನರೇಟರ್ ಹತ್ತಿತಾ ಅಂತ ಕೇಳಿದರು. ಹತ್ತಿದೆ ಅಂದ ಮೇಲೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹಳಿಗೆ ಇಳಿದರು. ನಾವೂ ಇಳಿದು ಜಲ್ಲಿಯ ಮೇಲೆ ನಡೆದೆವು. ಸೆಕೆ, ಮುಖಕ್ಕೆ ಮಾಸ್ಕು, ಎರಡೂ ಬದಿಯಲ್ಲಿ ಸತ್ತಂತೆ ನಿಂತ ರೈಲುಗಳು.

ಕತ್ತಲಾದ ಊರನ್ನು ಎಬ್ಬಿಸುವುದು ಹೇಗೆ ಅಂತ ನನಗೆ ಗೊತ್ತಾದದ್ದು ಆವತ್ತಿನ ನಂತರ ಓದಿಕೊಂಡು. ಕಲ್ಲಿದ್ದಲಿನ ಸ್ಥಾವರ ಒಮ್ಮೆ ಆರಿದರೆ ಮತ್ತೆ ಹೊತ್ತಿಸಲಿಕ್ಕೇ ಹೊರಗಿನ ಕರೆಂಟು ಬೇಕು, ಗಂಟೆಗಟ್ಟಲೆ ಹೊತ್ತೂ ಬೇಕು. ನೀರಿನದು ಹಾಗಲ್ಲ. ಗೇಟು ತೆಗೆದರೆ ಕೆಲವೇ ನಿಮಿಷಗಳಲ್ಲಿ ತಿರುಗುತ್ತದೆ. ಆ ದಿನ ಟಾಟಾದವರ ಜಲವಿದ್ಯುತ್ ಘಟಕಗಳನ್ನೂ ಮುಂಬೈಯೊಳಗೇ ಇರುವ ಅವರ ಟ್ರಾಂಬೆ ಉಷ್ಣ ಸ್ಥಾವರವನ್ನೂ ಹಿಡಿದೇ ಮುಂಬೈಗೆ ಕರೆಂಟು ವಾಪಸ್ ತಂದರು. ಮಧ್ಯಾಹ್ನದ ಹೊತ್ತಿಗೆ ರೈಲು ಶುರುವಾಯಿತು. ಗುಡ್ಡದ ಮೇಲಿನ ಆ ಕೆರೆಗಳನ್ನು ಮುಂಬೈ ಯಾಕೆ ಬಿಡಲಾರದು ಅಂತ ಅರ್ಥ ಆಗಬೇಕಾದರೆ ಹಳಿಯ ಮೇಲೆ ನಡೆಯಬೇಕು.

ಅದೇ ವಾರ ಊರಲ್ಲಿ ಮಳೆ. ಮೇಲೆ ಮಹಾರಾಷ್ಟ್ರದ ಉಜನಿ, ವೀರ್ ಅಣೆಕಟ್ಟುಗಳಿಂದ ನೀರು ಬಿಟ್ಟರು, ಭೀಮೆ ದಂಡೆ ಮೀರಿತು. ಕಾಕಾನ ಮಗ ಫೋನ್ ಮಾಡಿದ. "ಅಣ್ಣಾ, ಹೊಳಿ ಅಗಸಿತನಕ ಬಂದದ. ಎಮ್ಮಿ ಬಿಚ್ಚಿ ಸಾಲಿ ಮ್ಯಾಲ ಕಟ್ಟೀವಿ. ತೊಗರಿ ಹೋಯ್ತು." ಕಬ್ಬು, ತೊಗರಿ, ಹತ್ತಿ ಎಲ್ಲ ನೀರಿನಡಿ. ಕಲಬುರಗಿ, ವಿಜಯಪುರ, ಯಾದಗಿರಿ ಮೂರೂ ಕಡೆ ಹಳ್ಳಿ ಖಾಲಿ ಮಾಡಿಸಿದರು. ಒಂದೇ ವಾರದಲ್ಲಿ ಒಂದೇ ಹೊಳೆಯ ತಲೆಯಲ್ಲಿದ್ದ ನೀರು ಮುಂಬೈಯನ್ನು ಎಬ್ಬಿಸಿತು, ಅದರ ಮೈಯಲ್ಲಿದ್ದ ನೀರು ನಮ್ಮ ತೊಗರಿ ಮುಳುಗಿಸಿತು. ನಮ್ಮ ನೀರು ನಮಗೆ ಬಿಡಿ ಅಂತ ಕೇಳಲು ಆ ವಾರ ಯಾರಿಗೂ ಬಾಯಿ ಬರುತ್ತಿರಲಿಲ್ಲ. ನೆತ್ತಿಯ ಮೇಲಿನ ಕೆರೆಗಳು ಆ ಪ್ರವಾಹವನ್ನು ತಡೆಯುತ್ತಿದ್ದವು ಅಂತಲೂ ನಾನು ಹೇಳುವುದಿಲ್ಲ. ಮಳೆ ಸುರಿದಿದ್ದು ಬಹಳಷ್ಟು ಕೆಳಗಿನ ಬಯಲಿನಲ್ಲಿ.

ಗಿರಾಕಿ ಹೋದರೂ ನೀರು ನಿಲ್ಲಲಿಲ್ಲ

ನನ್ನನ್ನು ಕಾಡುವ ಸಂಗತಿ ಇಲ್ಲಿದೆ. 1915ರಲ್ಲಿ ಈ ನೀರನ್ನು ತಿರುಗಿಸಿದ್ದು ಗಿರಣಿಗಳಿಗೆ. 1982ರ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಪರಳದಲ್ಲಿ ಆ ಜಾಗದಲ್ಲಿ ಈಗ ಮಾಲುಗಳಿವೆ, ಗಾಜಿನ ಆಫೀಸುಗಳಿವೆ. ಟ್ರಾಮು 1964ರಲ್ಲೇ ಹೋಯಿತು. ರೈಲ್ವೆ 2015ರ ಕೊನೆಯಿಂದ ಟಾಟಾದ ದುಬಾರಿ ಕರೆಂಟು ಬಿಟ್ಟು ದಾಭೋಳದ ಗ್ಯಾಸ್ ಸ್ಥಾವರದಿಂದ ಕೊಳ್ಳತೊಡಗಿತು. ಅಂದರೆ ಕಾಕಾ ಹೇಳಿದ್ದು ಲೆಕ್ಕಪತ್ರದ ಪ್ರಕಾರ ಈಗ ಸರಿಯಲ್ಲ. ಗ್ರಿಡ್ಡಿನಲ್ಲಿ ಯಾವ ಕರೆಂಟು ಯಾರದ್ದು ಅಂತ ಗುರುತು ಇರುವುದಿಲ್ಲ, ಆ ಮಾತು ಬೇರೆ. ಯಾರ ಹೆಸರು ಹೇಳಿ ನೀರು ತಿರುಗಿಸಿದರೋ ಅವರೆಲ್ಲ ಒಬ್ಬೊಬ್ಬರಾಗಿ ಎದ್ದು ಹೋದರು. ನೀರು ಮಾತ್ರ ಪಶ್ಚಿಮಕ್ಕೇ ಇಳಿಯುತ್ತಿದೆ.

ಯಾಕೆಂದರೆ ಕೆಳಗೆ ಹೊಸಬರು ಬಂದು ಕೂತಿದ್ದಾರೆ. ಟರ್ಬೈನ್ ತಿರುಗಿಸಿ ಹೊರಗೆ ಬಂದ ನೀರು ಹಾಳಾಗುವುದಿಲ್ಲವಲ್ಲ. ಖೋಪೋಲಿಯದು ಪಾತಾಳಗಂಗೆಗೆ ಹೋಗುತ್ತದೆ, ದಂಡೆಯ ಕಾರ್ಖಾನೆಗಳು ಅದನ್ನೇ ನಂಬಿವೆ. ಭೀರಾದ್ದು ಕುಂಡಲಿಕಾ ನದಿಗೆ. ಕೋಲಾಡಿನಲ್ಲಿ ಬೆಳಿಗ್ಗೆ ಬೆಳಿಗ್ಗೆ ರಾಫ್ಟಿಂಗ್ ಮಾಡುತ್ತಾರಲ್ಲ, ಪವರ್ ಹೌಸಿನವರು ನೀರು ಬಿಟ್ಟರೇ ಆ ಆಟ. ಭಿವಪುರಿಯದು ಉಲ್ಹಾಸ ನದಿಗೆ. ಆ ಉಲ್ಹಾಸದ ನೀರೇ ಬದಲಾಪುರ, ಉಲ್ಹಾಸನಗರ, ಕಲ್ಯಾಣ, ಡೊಂಬಿವಲಿಯ ನಲ್ಲಿಗಳಲ್ಲಿ ಬರುವುದು. ರೈಲಿನ ಮಾತು ಬಿಡಿ, ಬೆಳಿಗ್ಗೆ ನಾನು ಹಲ್ಲುಜ್ಜುವುದೇ ಭೀಮೆಗೆ ಹೋಗಬೇಕಿದ್ದ ನೀರಿನಲ್ಲಿ. ಇದನ್ನು ಕಾಕಾನಿಗೆ ಹೇಳಿದಾಗ ಬಿದ್ದು ಬಿದ್ದು ನಕ್ಕರು. "ಹಂಗಾದ್ರ ನೀ ಊರ ಬಿಟ್ಟೇ ಇಲ್ಲ ತಗೋ" ಅಂದರು.

ಹೋಗಲಿ, ನಾಳೆಯೇ ಪೈಪು ಮುಚ್ಚಿ ನೀರನ್ನು ಪೂರ್ವಕ್ಕೆ ಬಿಟ್ಟರು ಅಂತ ಇಟ್ಟುಕೊಳ್ಳೋಣ. ಊರಿಗೆ ಬರುತ್ತದೆಯೇ? ನಡುವೆ ಉಜನಿ ಕೂತಿದೆ, ಒಟ್ಟು 117 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ) ಹಿಡಿಯುವ ಹೊಟ್ಟೆ. ಸುತ್ತ ಸೊಲ್ಲಾಪುರ ಜಿಲ್ಲೆಯ ಕಬ್ಬು. ಪುಣೆಯವರೂ ಮುಳಶಿಯ ನೀರು ನಮಗೆ ಬೇಕು ಅಂತ ಕೇಳುತ್ತಲೇ ಇದ್ದಾರೆ. ಕಾನೂನು ಕೂಡ ನಮ್ಮ ಕಡೆ ಇಲ್ಲ. ಬಚಾವತ್ ನ್ಯಾಯಮಂಡಳಿ ಕೃಷ್ಣಾ ಕೊಳ್ಳದ ನೀರು ಹಂಚಿದಾಗ ಮಹಾರಾಷ್ಟ್ರಕ್ಕೆ 560 ಟಿಎಂಸಿ, ಕರ್ನಾಟಕಕ್ಕೆ 700, ಆಂಧ್ರಕ್ಕೆ 800 ಅಂದಿತು. ಟಾಟಾ ಕೆರೆಗಳಿಂದ ಪಶ್ಚಿಮಕ್ಕೆ ಹೋಗುವ ನೀರಿಗೆ ಮಿತಿ ಹಾಕಿತು, ಸರಾಸರಿ ವರ್ಷಕ್ಕೆ 42 ಟಿಎಂಸಿ ಆಸುಪಾಸು. ಅದು ಮಹಾರಾಷ್ಟ್ರದ ಪಾಲಿನೊಳಗಿನ ಲೆಕ್ಕ. ಪಶ್ಚಿಮಕ್ಕೆ ಬೇಡ ಅಂತ ಅವರು ನಿಲ್ಲಿಸಿದರೆ ಪೂರ್ವದಲ್ಲಿ ಅವರೇ ಬಳಸಿಕೊಳ್ಳಬಹುದು. ಅಫಜಲಪುರದವರೆಗೆ ಹರಿಯಬೇಕು ಅಂತ ಯಾವ ಕಾಗದವೂ ಹೇಳುವುದಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ನನಗೆ ಒಂದು ಮಾತು ಸರಿ ಅನ್ನಿಸುತ್ತದೆ. 42 ಟಿಎಂಸಿ ನೀರು 500 ಮೀಟರ್ ಬಿದ್ದರೆ ವರ್ಷಕ್ಕೆ 130 ಕೋಟಿ ಯೂನಿಟ್ ಆಸುಪಾಸು ಕರೆಂಟು. ಮುಂಬೈಯಂಥ ಊರಿಗೆ ಅದು ಸಣ್ಣ ಪಾಲು, ಬೇರೆ ಕಡೆಯಿಂದ ಕೊಳ್ಳಬಹುದು, ರೈಲ್ವೆಯವರು ಕೊಂಡು ತೋರಿಸಿದ್ದಾರೆ. ಬರಗಾಲದಲ್ಲಿ ನೀರನ್ನು ಹಾಗೆ ಕೊಳ್ಳಲಾಗುವುದಿಲ್ಲ. 2024ರ ಬೇಸಿಗೆಯಲ್ಲಿ ಉಜನಿಯ ನೀರು ಡೆಡ್ ಸ್ಟೋರೇಜಿಗಿಂತ, ಅಂದರೆ ಸಾಮಾನ್ಯವಾಗಿ ಬಳಕೆಗೆ ತೆಗೆಯದ ತಳಮಟ್ಟಕ್ಕಿಂತ, ಕೆಳಗೆ ಇಳಿದಿತ್ತು, ಆಗಲೂ ಗುಡ್ಡದ ಮೇಲಿಂದ ನೀರು ಪಶ್ಚಿಮಕ್ಕೇ ಹೋಗುತ್ತಿತ್ತು. ಎಲ್ಲ ವರ್ಷಕ್ಕೂ ಒಂದೇ ನಿಯಮ ಯಾಕೆ? ಕತ್ತಲಾದ ದಿನಕ್ಕೆ ಬೇಕಾಗುವಷ್ಟು, ಕೆಳಗಿನ ಊರುಗಳ ಕುಡಿಯುವ ನೀರಿಗೆ ಬೇಕಾಗುವಷ್ಟು ಇಟ್ಟುಕೊಂಡು, ಮಳೆ ಕೈಕೊಟ್ಟ ವರ್ಷ ಉಳಿದದ್ದನ್ನು ಪೂರ್ವಕ್ಕೆ ಬಿಡಲಿ. ಮುಳಶಿಯ ಕೆರೆಯ ಸುತ್ತಲಿನ ವಾಡಿಗಳು ಮೊದಲು ಕುಡಿಯಲಿ, ಆಮೇಲೆ ಪಂಢರಪುರ, ಆಮೇಲೆ ನಾವು.

ಆದರೆ ಗಾಳಿ ಬೀಸುತ್ತಿರುವುದು ಬೇರೆ ಕಡೆಗೆ. 2023ರಲ್ಲಿ ಟಾಟಾದವರು ಮಹಾರಾಷ್ಟ್ರ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡರು. ಭಿವಪುರಿಯಲ್ಲಿ 1000 ಮೆಗಾವಾಟ್, ಶಿರವತಾದಲ್ಲಿ 1800 ಮೆಗಾವಾಟ್ ಪಂಪ್ಡ್ ಸ್ಟೋರೇಜ್. ಹಗಲು ಸೋಲಾರ್ ಕರೆಂಟು ಮಿಕ್ಕಾಗ ನೀರನ್ನು ಮೇಲಕ್ಕೆ ಎತ್ತಿ, ಸಂಜೆ ಬೇಡಿಕೆ ಏರಿದಾಗ ಕೆಳಗೆ ಬಿಡುವ ಏರ್ಪಾಡು. ಅದೇ ನೀರು ಮತ್ತೆ ಮತ್ತೆ ಬಳಕೆಯಾಗುವುದರಿಂದ ಒಂದು ಯೂನಿಟ್ಟಿಗೆ ಹೊಸ ನೀರು ಕಮ್ಮಿ ಸಾಕು. ಲೆಕ್ಕ ಬಿಚ್ಚಿ ನೋಡಲು ಇದಕ್ಕಿಂತ ಒಳ್ಳೆ ಸಮಯ ಸಿಗಲಿಕ್ಕಿಲ್ಲ. ಹೀಗೆ ಉಳಿಯುವ ನೀರು ಯಾರದ್ದು ಅಂತ ಸೊಲ್ಲಾಪುರದವರು ಕೇಳುವ ಮೊದಲು ಕಲಬುರಗಿಯವರು ಕೇಳಬೇಕು. ಇಲ್ಲವಾದರೆ ಅದಕ್ಕೂ ಕೆಳಗೆ ಇನ್ನೊಬ್ಬ ಗಿರಾಕಿ ಸಿಗುತ್ತಾನೆ.